ಹಸಿ ಬಿಲ್ಲೆಗಳು

ಕೊಪ್ಪ, 17 ಜೂನ್ 2006, ಶನಿವಾರ

ಇದನ್ನು ಇಲ್ಲಿ ಕೂಡ ಬರೆಯದೆ ಬಿಡುವವಳಿದ್ದೆ. ಇವತ್ತು ಒಡೆದ ಬಿಲ್ಲೆಗಳನ್ನು ಊಟದ ಡಬ್ಬಿಗೆ ಹಾಕಿಕೊಂಡು ಮನೆಗೆ ತಂದಿದ್ದೇನೆ. ಡಿಪಾರ್ಟ್‌ಮೆಂಟಿನ ಕಸದ ಡಬ್ಬಿಗೆ ಹಾಕಿದರೆ ಯಾರಾದರೂ ನೋಡಿಯಾರು ಎಂಬ ಭಯ. ನೋಡುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಶನಿವಾರ ಮಧ್ಯಾಹ್ನ ಒಂದಕ್ಕೆ ನಾನು ಕೆಮಿಸ್ಟ್ರಿ ಕಲಿಸುವ ಕಾಲೇಜು ಖಾಲಿ. ಇದ್ದರೂ ಅದೇನೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಆದರೂ ಕಳ್ಳಿಯ ಹಾಗೆ ಮುಚ್ಚಳ ಒತ್ತಿ ಹಾಕಿ ತಂದೆ. ನನಗೆ ನಲವತ್ತಾರು ವರ್ಷ.

ಒಂದು ರೂಪಾಯಿ ನಾಣ್ಯದಷ್ಟು ಅಗಲದ, ಅದರ ನಾಲ್ಕರಷ್ಟು ದಪ್ಪದ ಹತ್ತು ಬಿಳಿ ಬಿಲ್ಲೆಗಳು. ಕ್ಯಾಲ್ಸಿಯಂ ಫಾಸ್ಫೇಟಿನವು. ನಮ್ಮ ಮೂಳೆಯಲ್ಲಿರುವುದೂ ಬಹುಮಟ್ಟಿಗೆ ಅದೇ. ಮೂಳೆ ಚೂರಾಗಿ ಹೋದ ಜಾಗದಲ್ಲಿ ಇದನ್ನಿಟ್ಟರೆ ಮೈ ಇದನ್ನು ಹೊರಗಿನದೆಂದು ತಳ್ಳುವುದಿಲ್ಲ, ಸುತ್ತ ಹೊಸ ಮೂಳೆ ಬೆಳೆಸಿಕೊಳ್ಳುತ್ತದೆ. ದೋಷ ಒಂದೇ. ಒತ್ತಡ ಬಿದ್ದರೆ ಸೀಮೆಸುಣ್ಣದ ಹಾಗೆ ಮುರಿಯುತ್ತದೆ. ಅದನ್ನು ಗಟ್ಟಿ ಮಾಡುವುದು ಹೇಗೆ ಎಂಬುದು ನನ್ನ ಆರು ವರ್ಷದ ಪಿಎಚ್.ಡಿ. ಪುಡಿಯನ್ನು ಅಚ್ಚಿನಲ್ಲಿ ಒತ್ತಬೇಕು, ಒಣಗಿಸಬೇಕು, ಸಾವಿರದ ಇನ್ನೂರು ಡಿಗ್ರಿಯಲ್ಲಿ ಸುಡಬೇಕು, ಆಮೇಲೆ ಶಿವಮೊಗ್ಗಕ್ಕೆ ಒಯ್ದು ಯಂತ್ರದಲ್ಲಿ ಒತ್ತಿ ಎಷ್ಟಕ್ಕೆ ಒಡೆಯುತ್ತದೆ ಎಂದು ನೋಡಬೇಕು.

ಹೋದ ವರ್ಷ ಪುಡಿಗೆ ಚೂರು ಮೆಗ್ನೀಸಿಯಂ ಸೇರಿಸಿದೆ. ಅರುವತ್ತು ಮೆಗಾಪ್ಯಾಸ್ಕಲ್ ಒತ್ತಡಕ್ಕೆ ಒಡೆಯುತ್ತಿದ್ದ ಬಿಲ್ಲೆ ನೂರರವರೆಗೆ ತಡೆಯಿತು. ಅದನ್ನು ಪ್ರಬಂಧ ಮಾಡಿ ಹೊರದೇಶದ ಪತ್ರಿಕೆಗೆ ಕಳಿಸಿದೆವು. ಅವರು ಒಪ್ಪಿದ್ದಾರೆ, ಒಂದೇ ಷರತ್ತು: ಇನ್ನೊಮ್ಮೆ ಮಾಡಿ ತೋರಿಸಿ. ಸೆಪ್ಟೆಂಬರ್ ಮೂವತ್ತಕ್ಕೆ ನನ್ನ ನೋಂದಣಿಯ ಅವಧಿ ಮುಗಿಯುತ್ತದೆ. ಅಷ್ಟರೊಳಗೆ ಥೀಸಿಸ್ ಕೊಟ್ಟರೆ ವಿಶ್ವವಿದ್ಯಾಲಯದಲ್ಲಿ ಒಂದು ಜಾಗ ಇದೆ ಎಂದು ನನ್ನ ಗೈಡ್ ಚಂದ್ರಶೇಖರ ಸರ್ ಹೇಳಿದ್ದಾರೆ. ನನ್ನ ಕೆಲಸ ಅರ್ಥವಾಗುವ ನಾಲ್ಕು ಜನರ ಮಧ್ಯೆ ಕೂತು ಟೀ ಕುಡಿಯಬಹುದಾದ ಜಾಗ.

ಇನ್ನೊಮ್ಮೆ ಮಾಡಿದೆ. ಇವತ್ತು ಕುಲುಮೆ ತೆರೆದರೆ ಮೂರು ಬಿಲ್ಲೆ ಆಗಲೇ ಎರಡು ಹೋಳು. ಉಳಿದವುಗಳಲ್ಲಿ ಕೂದಲೆಳೆಯಂಥ ಬಿರುಕು.

19 ಜೂನ್, ಸೋಮವಾರ

ಲ್ಯಾಬಿನ ಅಟೆಂಡರ್ ಗೋದಾವರಿಯನ್ನು ಕೇಳಿದೆ. "ಬಿಲ್ಲೆಯ ಟ್ರೇ ಮುಟ್ಟಿದ್ದೀಯಾ? ಕೆಳಗೆ ಬೀಳಿಸಿದ್ದೀಯಾ?"

"ಇಲ್ಲ ಮೇಡಂ."

"ಒವನ್ ಬಾಗಿಲು ನಡುವೆ ತೆಗೆದಿದ್ದೀಯಾ?"

"ನಾನೆಂತಕ್ಕೆ ತೆಗೀಲಿ ಮೇಡಂ? ಮುಟ್ಟಬೇಡ ಅಂದಿದ್ರಲ್ಲ ನೀವು."

ಇನ್ನೂ ಎರಡು ಸಲ ಕೇಳಿದೆ, ಎರಡನೆಯ ಸಲ ಬಿ.ಎಸ್ಸಿ. ಹುಡುಗರ ಎದುರಿಗೆ. ಅವಳು ಗಾಜಿನ ಬ್ಯೂರೆಟ್‌ಗಳನ್ನು ತೊಳೆಯಲು ಹೋದಳು. ಹರಿಹರಪುರದಿಂದ ಎಂಟೂವರೆ ಬಸ್ಸಿಗೆ ಬರುತ್ತಾಳೆ, ಐದರ ಬಸ್ಸಿಗೆ ಹೋಗುತ್ತಾಳೆ. ಹದಿನಾಲ್ಕು ವರ್ಷವಾದರೂ ಇನ್ನೂ ದಿನಗೂಲಿ. ನನಗಿಂತ ಎಂಟೊಂಬತ್ತು ವರ್ಷ ದೊಡ್ಡವಳಿರಬೇಕು.

ಕೇಳಿದ್ದು ತಪ್ಪೇ? ಕಾರಣ ಹುಡುಕುವುದು ನನ್ನ ಕೆಲಸ. ಆದರೆ ಮೊದಲು ಅವಳ ಕೈಯಲ್ಲೇ ಏಕೆ ಹುಡುಕಿದೆ?

23 ಜೂನ್, ಶುಕ್ರವಾರ

ಹೊಸ ಹತ್ತು ಒತ್ತಿ ಒವನ್ನಿನಲ್ಲಿಟ್ಟಿದ್ದೇನೆ. ನೂರಹತ್ತು ಡಿಗ್ರಿ, ಇಪ್ಪತ್ತನಾಲ್ಕು ಗಂಟೆ. ಹೋದ ವರ್ಷದ ಹಾಗೆಯೇ.

ಪಾಠ ಬಿಟ್ಟು ಇವತ್ತು ನಾನು ಆಡಿದ ಮಾತು ಇಷ್ಟು: ಅರ್ಧ ಲೀಟರ್ ಸಾಕು. ಚಿಲ್ಲರೆ ಇಲ್ಲ. ಸಹಿ ಎಲ್ಲಿ ಹಾಕಬೇಕು?

1 ಜುಲೈ, ಶನಿವಾರ

ಎನ್.ಆರ್. ಪುರದ ಮೇಲೆ ಶಿವಮೊಗ್ಗಕ್ಕೆ ಹೋಗಿ ಬಂದೆ. ಬಿಲ್ಲೆಗಳ ಡಬ್ಬಿಯನ್ನು ಹತ್ತಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದೆ. ಪಕ್ಕದ ಹೆಂಗಸು, "ಎಂತದು, ಮೊಟ್ಟೆಯಾ?" ಎಂದು ಕೇಳಿದಳು. ಹೌದು ಎಂದೆ. ವಿವರಿಸುವ ಶಕ್ತಿ ಇರಲಿಲ್ಲ.

ಎಂಜಿನಿಯರಿಂಗ್ ಕಾಲೇಜಿನಲ್ಲಿ ಯಂತ್ರ ನಡೆಸುವ ನೌಶಾದ್ ಮುತ್ತಿನಕೊಪ್ಪದವನು. ಬಿಲ್ಲೆಯನ್ನು ಎರಡು ಉಕ್ಕಿನ ತಟ್ಟೆಗಳ ನಡುವೆ ಕೂರಿಸಿ, ಮೆಲ್ಲಗೆ ಭಾರ ಏರಿಸುತ್ತಾನೆ. ಒಡೆಯುವಾಗ ಅಡಿಕೆ ಕತ್ತರಿಸಿದ ಹಾಗೆ ಟಕ್ ಎನ್ನುತ್ತದೆ. ಅವನು ಸಂಖ್ಯೆ ಓದುತ್ತಾನೆ, ನಾನು ಬರೆಯುತ್ತೇನೆ. ಐವತ್ತೆಂಟು. ಅರುವತ್ತಾರು. ಅರುವತ್ತೊಂದು. ಐವತ್ತೈದು.

"ಮೇಡಂ, ಹೋದ್ ವರ್ಷ ಬಿಲ್ಲೆ ತಂದವರು ನೀವೇ ತಾನೆ?"

"ನಾನೇ."

"ಅವು ಗಟ್ಟಿ ಆಳು. ನನ್ನ ಮಷೀನೇ ಹೆದರಿತ್ತು. ಇವು ರಂಜಾನ್ ತಿಂಗಳ ಕೊನೇ ವಾರದಲ್ಲಿ ನಾನಿರ್ತೀನಲ್ಲ, ಹಂಗಿದಾವೆ. ತಟ್ಟಿದ್ರೆ ಬೀಳ್ತಾವೆ."

ನಗು ಬಂತು. ಅವನು ಕೊನೆಯ ಚೂರುಗಳನ್ನು ಬ್ರಷ್ಷಿನಿಂದ ಗುಡಿಸಿ ಕಾಗದದಲ್ಲಿ ಕಟ್ಟಿಕೊಟ್ಟ. "ಪುಡಿ ಬೇರೆ ಕಂಪನಿದಾ?"

"ಅದೇ ಪುಡಿ. ಅದೇ ಅಚ್ಚು. ಅದೇ ಕುಲುಮೆ."

"ಹಂಗಾದ್ರೆ ಮಾಡಿದ ಕೈ ಬೇರೆ ಇರ್ಬೇಕು ಬಿಡಿ," ಎಂದ, ಯಂತ್ರ ಆಫ್ ಮಾಡುತ್ತ.

ಮಾಡಿದ ಕೈಯೂ ಅದೇ ಎಂದು ನಾನು ಹೇಳಿದೆ.

3 ಜುಲೈ, ಸೋಮವಾರ

ಚಂದ್ರಶೇಖರ ಸರ್‌ಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಕಮಲಾ ಅವರೇ, ನಿಮ್ಮಲ್ಲಿ ಈ ತಿಂಗಳಲ್ಲಿ ಗೋಡೇನೂ ಬೆವರುತ್ತೆ. ತೇವಾಂಶದ ದೋಷ ಅಂತ ಇದನ್ನು ಬದಿಗಿಡಿ. ಇನ್ನೊಂದು ಸೆಟ್ ಮಾಡಿ. ನೂರರ ಹತ್ತಿರ ಬರುವ ಒಂದು ಸೆಟ್ ಸಾಕು ನಮಗೆ."

"ಬರದಿದ್ದರೆ ಸರ್?"

"ಬರುತ್ತೆ. ಹೋದ ವರ್ಷ ಬಂದಿಲ್ವಾ?"

ಹೋದ ವರ್ಷವೂ ಇದೇ ತಿಂಗಳು. ಇದೇ ತೇವ. ಹಾಗಿರುವಾಗ ದೋಷ ತೇವಾಂಶದ್ದಾಗುವುದು ಹೇಗೆ? ಈ ಪ್ರಶ್ನೆ ನನಗೆ ಹೊಳೆದದ್ದು ಬೂತಿನವನಿಗೆ ದುಡ್ಡು ಕೊಟ್ಟು ಹೊರಗೆ ಬಂದ ಮೇಲೆ.

9 ಜುಲೈ, ಭಾನುವಾರ, ಬೇಗಾರ್

ಅಮ್ಮನ ವರ್ಷದ ತಿಥಿ. ಶೃಂಗೇರಿಯಲ್ಲಿ ಬಸ್ ಬದಲಿಸಿ ನಿನ್ನೆಯೇ ಬಂದೆ. ತಮ್ಮ ಧರ್ಮೇಶ್ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದ. ನನಗೆ ಮಾಡಲು ಕೆಲಸವಿರಲಿಲ್ಲ. ಅಕ್ಕ ಓದಿದವಳು, ಕೂತ್ಕೊಳ್ಳಲಿ ಎಂದು ಎಲ್ಲರೂ ಕುರ್ಚಿ ಕೊಡುತ್ತಾರೆ. ಕುರ್ಚಿಯಲ್ಲಿ ಕೂತೆ.

ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮೂರು ತಿಂಗಳು ಮಲಗಿದ್ದಳು. ಹೃದಯ ದುರ್ಬಲ, ಆಪರೇಷನ್ ಬೇಡ ಎಂದಿದ್ದರು. "ನೀ ಮೂಳೆ ಮಾಡ್ತೀಯಂತಲ್ಲ, ನಂಗೂ ಒಂದು ಮಾಡ್ಕೊಡು ಮಾರಾಯ್ತಿ," ಎನ್ನುತ್ತಿದ್ದಳು. ಇನ್ನೂ ಆಗಿಲ್ಲಮ್ಮ, ಒಡೆಯುತ್ತೆ ಎಂದರೆ, "ಒಡೀದೇ ಇರೋದನ್ನ ಮಾಡಿದ್ಮೇಲೆ ಹೇಳು, ಕಾಯ್ತೀನಿ," ಎಂದು ನಗುತ್ತಿದ್ದಳು.

ಊಟದ ಮೇಲೆ ಧರ್ಮೇಶ್ ನೆಂಟರಿಗೆ ಹೋದ ವರ್ಷದ ಕಥೆ ಹೇಳುತ್ತಿದ್ದ. "ಅಮ್ಮ ಹೋಗಿದ್ದು ಹತ್ತೊಂಬತ್ತಕ್ಕೆ. ಅಕ್ಕ ಹದಿನೇಳಕ್ಕೇ ಬಂದಿತ್ತು. ಎಂತ ಗಾಳಿ ಅಂತೀರಿ! ಕಂಬ ಎಲ್ಲ ಮಲಗಿ ಕೊಪ್ಪ, ಶೃಂಗೇರಿ ಯಾವ ಕಡೇನೂ ಎಂಟು ದಿನ ಕರೆಂಟಿಲ್ಲ. ಅಮ್ಮನ್ನ ಪೆಟ್ರೋಮ್ಯಾಕ್ಸ್ ಬೆಳಕಲ್ಲಿ ಮಲಗಿಸಿದ್ದು ನಾವು."

"ಕೊಪ್ಪದಲ್ಲೂ ಇರಲಿಲ್ವಾ?" ಎಂದು ಕೇಳಿದೆ.

"ಇರ್ಲಿಲ್ಲ ಅಕ್ಕ. ನಿನ್ ಕಾಲೇಜಿಗೆ ಫೋನ್ ಮಾಡಿದ್ರೆ ಪ್ರಿನ್ಸಿಪಾಲರೇ ಹೇಳಿದ್ರು, ಮೇಣದ ಬತ್ತಿಲಿ ಕೂತಿದೀವಿ ಅಂತ. ಯಾಕೆ?"

ಏನಿಲ್ಲ ಎಂದೆ.

10 ಜುಲೈ, ಸೋಮವಾರ

ಬಸ್ಸಿನಿಂದ ಇಳಿದವಳು ಮನೆಗೂ ಹೋಗದೆ ಲ್ಯಾಬಿಗೆ ಹೋದೆ. ಹೋದ ವರ್ಷದ ಲ್ಯಾಬ್ ನೋಟ್‌ಬುಕ್ ತೆಗೆದೆ. ನನ್ನದೇ ಅಕ್ಷರ, ಕಾನ್ವೆಂಟಿನಲ್ಲಿ ಸಿಸ್ಟರುಗಳು ತಿದ್ದಿಸಿದ ಓರೆಯಿಲ್ಲದ ಇಂಗ್ಲಿಷ್ ಅಕ್ಷರ. 2005 ಜುಲೈ 20, 21: ಬಿಲ್ಲೆಗಳನ್ನು ಒವನ್ನಿನಲ್ಲಿ ಒಣಗಿಸಿದೆ, ನೂರಹತ್ತು ಡಿಗ್ರಿ, ಇಪ್ಪತ್ತನಾಲ್ಕು ಗಂಟೆ.

ಜುಲೈ ಇಪ್ಪತ್ತರಂದು ನಾನು ಬೇಗಾರಿನಲ್ಲಿದ್ದೆ. ಕೊಪ್ಪದಲ್ಲಿ ಕರೆಂಟಿರಲಿಲ್ಲ. ಕರೆಂಟಿಲ್ಲದೆ ಯಾವ ಒವನ್?

ಈಗ ನೆನಪಾಗುತ್ತಿದೆ. ಹದಿನಾರಕ್ಕೆ ಬಿಲ್ಲೆ ಒತ್ತಿ ಮುಗಿಸಿದ್ದೆ. ಹದಿನೇಳರ ಬೆಳಿಗ್ಗೆ ಧರ್ಮೇಶನ ಫೋನ್ ಬಂತು. ಇಪ್ಪತ್ತನೇ ತಾರೀಕು ಇವನ್ನು ಒವನ್ನಿಗೆ ಹಾಕು, ಇಷ್ಟು ಡಿಗ್ರಿ, ಇಷ್ಟು ಗಂಟೆ, ಬೇರೆ ಮುಟ್ಟಬೇಡ ಎಂದು ಗೋದಾವರಿಗೆ ಚೀಟಿ ಬರೆದಿಟ್ಟು ಹೋದೆ. ಆಗಸ್ಟ್ ಒಂದಕ್ಕೆ ಬಂದಾಗ ಬಿಲ್ಲೆಗಳು ಒಣಗಿ, ಟ್ರೇಯಲ್ಲಿ ಸಾಲಾಗಿದ್ದವು. ಆಯ್ತಾ ಎಂದೆ. ಆಯ್ತು ಮೇಡಂ ಎಂದಳು. ನೋಟ್‌ಬುಕ್ಕಿನಲ್ಲಿ ಎರಡು ವಾರದ ಪುಟ ಖಾಲಿ ಇತ್ತು. ಖಾಲಿ ಪುಟ ನನಗೆ ಆಗದು. ಚೀಟಿಯಲ್ಲಿ ಏನು ಹೇಳಿದ್ದೆನೋ ಅದನ್ನೇ ನಡೆದದ್ದೆಂದು ತುಂಬಿದೆ.

ಸುಳ್ಳು ಬರೆಯುತ್ತಿದ್ದೇನೆ ಎಂದು ಆಗ ಒಂದು ಕ್ಷಣಕ್ಕೂ ಅನ್ನಿಸಿರಲಿಲ್ಲ. ಪಾಠದಲ್ಲಿ ಪ್ರತಿವರ್ಷ ಮೊದಲ ದಿನ ನಾನೇ ಹೇಳುವುದು: ಕಣ್ಣಿಂದ ನೋಡದ್ದನ್ನು ರೆಕಾರ್ಡಿನಲ್ಲಿ ಬರೆಯಬೇಡಿ.

ಹಾಗಾದರೆ ಆ ಬಿಲ್ಲೆಗಳು ಒಣಗಿದ್ದು ಹೇಗೆ?

11 ಜುಲೈ, ಮಂಗಳವಾರ

"ನಂಗೆಂತ ಗೊತ್ತು ಮೇಡಂ, ವರ್ಷ ಆಯ್ತಲ್ಲ," ಎಂದಳು ಗೋದಾವರಿ.

"ಕರೆಂಟ್ ಇರಲಿಲ್ಲ. ಒವನ್ನಿಗೆ ಹಾಕಿರೋಕೆ ಸಾಧ್ಯವಿಲ್ಲ."

"ಬಂದಿರ್ಬೇಕು ನಡುವೆ."

ಅವಳ ಕೈಯಲ್ಲಿದ್ದ ಬೀಕರ್ ಸಿಂಕಿಗೆ ತಾಗಿ ಬಾಯಿ ಒಡೆಯಿತು. ಒಡೆದದ್ದನ್ನು ಎತ್ತುವ ಮೊದಲು ನನ್ನ ಮುಖ ನೋಡಿದಳು. ನಾನು ಬೈಯುವುದನ್ನು ಕಾಯುತ್ತಿದ್ದಳು.

ಬೈಯಲಿಲ್ಲ. ಮಾತೂ ಆಡಲಿಲ್ಲ. ಆಡಬೇಕಿತ್ತು.

14 ಜುಲೈ, ಶುಕ್ರವಾರ

ಎರಡು ದಿನದಿಂದ ಗೋದಾವರಿ ಬಂದಿಲ್ಲ. ಇವತ್ತು ಮಧ್ಯಾಹ್ನದ ಬಸ್ಸಿಗೆ ಹರಿಹರಪುರಕ್ಕೆ ಹೋದೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಮನೆ ಯಾವುದೆಂದು ಅಂಗಡಿಯಲ್ಲಿ ಕೇಳಬೇಕಾಯಿತು.

ಬಾಗಿಲಲ್ಲಿ ಮಗಳು ಚೈತ್ರ, ಸೊಂಟದ ಮೇಲೆ ವರ್ಷ ದಾಟಿದ ಮಗು. ಒಳಗಿನಿಂದ ಗೋದಾವರಿ ಬಂದು ನನ್ನನ್ನು ಕಂಡು ಅಲ್ಲೇ ನಿಂತಳು. "ಕೆಲಸದಿಂದ ತೆಗ್ದ್ರಾ ಮೇಡಂ?"

"ಇಲ್ಲಪ್ಪ. ಹುಷಾರಿಲ್ವೇನೋ ಅಂತ ಬಂದೆ."

ಕೂರಿಸಿದರು. ಜಗಲಿಯ ಮೂಲೆಯಲ್ಲಿ ಒಂದು ದೊಡ್ಡ ಬಿದಿರಿನ ಬುಟ್ಟಿ ಕವುಚಿ ಇಟ್ಟಿದ್ದರು. ಅದರ ಮೇಲೆ ಮಗುವಿನ ಅಂಗಿ, ಚಡ್ಡಿ, ಹಳೆ ಸೀರೆಯ ತುಂಡುಗಳು. ಬುಟ್ಟಿಯ ಸಂದಿಯಿಂದ ಬೆಚ್ಚನೆಯ ಗಾಳಿ ಬರುತ್ತಿತ್ತು. ಒಳಗೆ ಅಗ್ಗಿಷ್ಟಿಕೆಯಲ್ಲಿ ಬೂದಿ ಮುಚ್ಚಿದ ಕೆಂಡ. ಎಳೆ ಮಗುವಿರುವ ಎಲ್ಲ ಮನೆಯಲ್ಲೂ ಈ ತಿಂಗಳಲ್ಲಿ ಇದು ಇರುತ್ತದೆ. ನಾನು ನೋಡಿದ್ದೇನೆ. ಅದರ ಪಕ್ಕದಲ್ಲಿ ಯಾವತ್ತೂ ಕೂತಿರಲಿಲ್ಲ.

ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಚೈತ್ರ ನಕ್ಕಳು. "ಅಮ್ಮ, ಹೋದ್ ವರ್ಷ ಇದರಡಿ ಬಿಳಿ ಬಿಸ್ಕತ್ ಇಟ್ಟಿದ್ದೆಯಲ್ಲ, ಅದು ಈ ಮೇಡಮ್ಮಂದಾ?"

"ನಿನ್ ಬಾಯಿಗೆ ಬೀಗ ಹಾಕ!" ಎಂದಳು ಗೋದಾವರಿ. ಆಮೇಲೆ ಅಲ್ಲೇ ನೆಲದ ಮೇಲೆ ಕೂತಳು.

ನಾನೂ ಕುರ್ಚಿಯಿಂದ ಇಳಿದು ಕೂತೆ. ಹೇಳು ಎಂದೆ. ಆಮೇಲೆ ಹೇಳಿ ಎಂದೆ.

"ಕರೆಂಟಿಲ್ಲ ಮೇಡಂ. ಮೂರನೇ ದಿನ ನೋಡಿದ್ರೆ ಬಿಲ್ಲೆ ಎಲ್ಲ ನೀರು ಕುಡ್ದು ಮೆತ್ತಗೆ. ಒಂದು ಕೈಯಾಗೇ ಪುಡಿ ಆಯ್ತು. ನಿಮ್ಗೆ ಅಮ್ಮ ತೀರ್ಕೊಂಡ್ರು, ಬರೋ ಹೊತ್ತಿಗೆ ಇದೂ ಹಾಳಾದ್ರೆ ಎಂತ ಕಥೆ ಅಂತ ಹೆದ್ರಿಕೆ. ಟ್ರೇನ ಚೀಲಕ್ಕೆ ಹಾಕಿ ಮಡಿಲಲ್ಲಿಟ್ಕಂಡು ಬಸ್ಸಲ್ಲಿ ತಂದೆ. ಇವಳ ಬಾಣಂತನ ಆಗ. ಬುಟ್ಟಿ ಹೆಂಗೂ ಹಗಲೂ ರಾತ್ರಿ ಬೆಚ್ಚಗಿತ್ತು. ಅದರಡಿ ಮಣೆ ಇಟ್ಟು, ಮಣೆ ಮೇಲೆ ಬಿಲ್ಲೆ."

"ಎಷ್ಟು ದಿನ?"

"ನಾಕು ದಿನ. ದಿನಾ ಮಗುಚಿ ಹಾಕ್ತಿದ್ದೆ, ಹಪ್ಪಳದ ಹಂಗೆ."

"ಇನ್ನೂ ಜೋರು ಕೆಂಡ ಹಾಕಿದ್ರೆ ಒಂದೇ ದಿನಕ್ಕೆ ಒಣಗ್ತಿತ್ತಲ್ಲ?"

ಅವಳು ನನ್ನನ್ನು ಏನೂ ತಿಳಿಯದ ಮಗುವಿನ ಹಾಗೆ ನೋಡಿದಳು. "ಮಗೀನ ಬಟ್ಟೆ ಯಾರಾದ್ರೂ ಜೋರು ಬಿಸಿಗೆ ಹಾಕ್ತಾರಾ ಮಾರಾಯ್ರೆ? ಮೇಲೆ ಒಣಗ್ತದೆ, ಒಳಗೆ ಹಸಿ ಉಳೀತದೆ. ಆ ಹಸಿ ಆಮೇಲೆ ಮಗೂಗೆ ಶೀತ."

ನಾನು ಆರು ವರ್ಷದಲ್ಲಿ ಓದಿದ ಪ್ರಬಂಧಗಳಲ್ಲಿ ಈ ಮಾತು ಇತ್ತೇ? ಇತ್ತು, ಎಲ್ಲೋ ಅಡಿಟಿಪ್ಪಣಿಯಲ್ಲಿ. ಮೇಲ್ಪದರ ಮೊದಲು ಒಣಗಿ ಬಿಗಿದುಕೊಂಡರೆ ಒಳಗಿನ ನೀರು ದಾರಿಗಾಗಿ ಬಿರುಕು ಮಾಡುತ್ತದೆ. ಬೇಸಿಗೆಯಲ್ಲಿ ಒವನ್ನಿನಲ್ಲಿ ಒಣಗಿಸಿದ ಬಿಲ್ಲೆಗಳ ಒಳಗೂ ಕಣ್ಣಿಗೆ ಕಾಣದ ಬಿರುಕುಗಳಿದ್ದಿರಬೇಕು. ಓದಿ ಮುಂದೆ ಹೋಗಿದ್ದೆ. ನನ್ನ ಕಣ್ಣು ಮೆಗ್ನೀಸಿಯಂ ಮೇಲಿತ್ತು.

"ಕಾಲೇಜಿನ ಸಾಮಾನು ಮನೆಗೆ ತಂದೆ ಅಂತ ಪ್ರಿನ್ಸಿಪಾಲರಿಗೆ ಹೇಳ್ಬೇಡಿ ಮೇಡಂ," ಎಂದಳು ಬರುವಾಗ. ಹಾಲು ಕಾಫಿ ಕೊಟ್ಟಿದ್ದಳು, ಬೆಲ್ಲದ್ದು. ಐದರ ಬಸ್ಸು ತಪ್ಪಿತು. ಆರರದಕ್ಕೆ ಬಂದೆ.

20 ಜುಲೈ, ಗುರುವಾರ

ಈಗ ತಿಳಿಯಬೇಕಾದದ್ದು ಒಂದೇ. ಗಟ್ಟಿ ಮಾಡಿದ್ದು ಮೆಗ್ನೀಸಿಯಮ್ಮೋ, ಬುಟ್ಟಿಯೋ? ಮೆಗ್ನೀಸಿಯಂ ಹಾಕಿದ ಹತ್ತು, ಹಾಕದ ಹತ್ತು, ಇಪ್ಪತ್ತನ್ನೂ ಒಂದೇ ಬುಟ್ಟಿಯಡಿ ಒಣಗಿಸಿ ಒಂದೇ ಕುಲುಮೆಯಲ್ಲಿ ಸುಟ್ಟರೆ ಉತ್ತರ ಸಿಗುತ್ತದೆ.

ಬುಟ್ಟಿ ಗೋದಾವರಿಯೇ ತಂದರು. ಬಸ್ಸಿನ ಮೇಲೆ ಹಾಕಿಸಿ, ಮೂರು ರೂಪಾಯಿ ಲಗೇಜ್ ಕೇಳಿದ ಕಂಡಕ್ಟರ್ ಹತ್ತಿರ ಜಗಳ ಮಾಡಿ. ಲ್ಯಾಬಿನಲ್ಲಿ ಕೆಂಡ ಇಡುವ ಹಾಗಿಲ್ಲವಾದ್ದರಿಂದ ನನ್ನ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಇಟ್ಟಿದ್ದೇವೆ. ಥರ್ಮಾಮೀಟರ್ ತೂಗುಹಾಕಿದೆ, ನಲವತ್ತೆಂಟು ಡಿಗ್ರಿ ತೋರಿಸಿತು. ಅವರು ಬುಟ್ಟಿಯ ಮೇಲೆ ಅಂಗೈ ಇಟ್ಟು, "ಚೂರು ಜಾಸ್ತಿ ಆಯ್ತು," ಎಂದು ಬೂದಿ ಎಳೆದರು. ಆಮೇಲೆ ನಲವತ್ತೈದು. ಅಂಗೈಯನ್ನೂ ಥರ್ಮಾಮೀಟರನ್ನೂ ಪಕ್ಕಪಕ್ಕ ಬರೆದುಕೊಂಡಿದ್ದೇನೆ. ಕಣ್ಣಾರೆ ನೋಡಿ, ಗಂಟೆ ಹಾಕಿ.

ನಾಲ್ಕು ದಿನ ಸಂಜೆ ಇಲ್ಲೇ ಇದ್ದು, ಆರರ ಬಸ್ಸಿಗೆ ಹೋದರು. ನಿನ್ನೆ ಮಾತ್ರ ಉಳಿದುಕೊಂಡರು. ಬುಟ್ಟಿ ಮೇಲೆ ಖಾಲಿ ಯಾಕೆ ಬಿಡಬೇಕು ಎಂದು ನನ್ನ ಒದ್ದೆ ಸೀರೆಗಳನ್ನೆಲ್ಲ ಅದರ ಮೇಲೆ ಹರಡಿದರು. ಇಬ್ಬರಿಗೂ ಅಕ್ಕಿರೊಟ್ಟಿ ತಟ್ಟಿದರು. ನನ್ನ ಅಡುಗೆಮನೆ ನೋಡಿ, "ಎಂತ ಮೇಡಂ, ಒಂದೇ ತಟ್ಟೆ, ಒಂದೇ ಲೋಟ. ನೆಂಟ್ರು ಬಂದ್ರೆ ಅಂಗೈಲಿ ಹಾಕ್ತೀರಾ?" ಎಂದರು. ಬರುವವರಿಲ್ಲ ಎಂದೆ. ಅವರು ಅಗ್ಗಿಷ್ಟಿಕೆಗೆ ಇದ್ದಲು ಹಾಕಿದರು.

ಇವತ್ತು ಸಂತೆಯಲ್ಲಿ ಒಂದು ಸ್ಟೀಲ್ ತಟ್ಟೆ ತಂದೆ. ಬಿಲ್ಲೆ ಒಣಗಿವೆ, ಇಪ್ಪತ್ತೂ ಸರಿಯಾಗಿವೆ.

29 ಜುಲೈ, ಶನಿವಾರ

ಸುಟ್ಟಾಯಿತು. ಕರೆಂಟ್ ಹೋಗಲಿಲ್ಲ. ಒಂದರಲ್ಲೂ ಬಿರುಕಿಲ್ಲ. ತಟ್ಟಿದರೆ ಪಿಂಗಾಣಿಯ ಸದ್ದು.

5 ಆಗಸ್ಟ್, ಶನಿವಾರ

ನೌಶಾದ್ ಮೊದಲ ಬಿಲ್ಲೆ ಇಟ್ಟ. ಎಂಬತ್ತು ದಾಟಿತು, ತೊಂಬತ್ತು ದಾಟಿತು. "ಬಂತು ನೋಡಿ ಮೇಡಂ ಹಳೇ ಆಳು!" ನೂರ ಎರಡಕ್ಕೆ ಟಕ್.

ಮೆಗ್ನೀಸಿಯಂ ಇದ್ದ ಹತ್ತರ ಸರಾಸರಿ ತೊಂಬತ್ತೆಂಟು. ಇಲ್ಲದ ಹತ್ತರ ಸರಾಸರಿ ನೂರು.

ಕಾಗದದ ಮೇಲೆ ನಾಲ್ಕು ಮನೆ ಗೆರೆ ಎಳೆದು ಸಂಖ್ಯೆಗಳನ್ನು ಕೂರಿಸಿದೆ. ಮೆಗ್ನೀಸಿಯಂ ಹಾಕಿ ಒವನ್ನಿನಲ್ಲಿ ಒಣಗಿಸಿದರೆ ಅರುವತ್ತು. ಹಾಕದೆ ಒವನ್ನಿನಲ್ಲಿ ಒಣಗಿಸಿದರೆ ಅರುವತ್ತು. ಹಾಕಿ ಬುಟ್ಟಿಯಡಿ ಒಣಗಿಸಿದರೆ ನೂರು. ಹಾಕದೆಯೂ ನೂರು. ಇದಕ್ಕಿಂತ ಸ್ಪಷ್ಟವಾದ ಉತ್ತರ ನನ್ನ ಜೀವನದಲ್ಲಿ ಯಾವ ಪ್ರಯೋಗದಿಂದಲೂ ಬಂದಿಲ್ಲ. ಆರು ವರ್ಷದ ಥೀಸಿಸ್ಸಿನ ಹೆಸರಿನಲ್ಲೇ ಮೆಗ್ನೀಸಿಯಂ ಇದೆ. ಅದು ಏನೂ ಮಾಡಿಲ್ಲ.

"ಮುಖ ಯಾಕೆ ಹಿಂಗೆ ಮೇಡಂ? ಎರಡೂ ಗೆದ್ದಾವಲ್ಲ," ಎಂದ ನೌಶಾದ್.

"ಎರಡೂ ಗೆಲ್ಲಬಾರದಿತ್ತು."

ವಾಪಸು ಬರುವಾಗ ಅವನೂ ಅದೇ ಬಸ್ಸಿನಲ್ಲಿದ್ದ. ಮುತ್ತಿನಕೊಪ್ಪದಲ್ಲಿ ಇಳಿಯುವವರೆಗೆ ಕೇಳುತ್ತಲೇ ಇದ್ದ, ನಾನು ಹೇಳುತ್ತಲೇ ಇದ್ದೆ. ಬುಟ್ಟಿಯ ವಿಷಯ ಬಂದಾಗ, "ನಮ್ಮ ಸುಮಯ್ಯನಿಗೂ ಅಮ್ಮ ಹಂಗೇ ಒಣಗಿಸ್ತಿದ್ರು, ಲೋಬಾನದ ಹೊಗೆ ಬೇರೆ ಹಾಕಿ," ಎಂದ. ತಂಗಿ ಇರಬೇಕು.

7 ಆಗಸ್ಟ್, ಸೋಮವಾರ

ಸರ್ ಫೋನಿನಲ್ಲಿ ಬಹಳ ಹೊತ್ತು ನಕ್ಕರು. ಕೆಟ್ಟ ನಗುವಲ್ಲ.

"ತೊಂಬತ್ತೆಂಟು ಬಂತಲ್ಲ! ಪತ್ರಿಕೆಯವರು ಕೇಳಿದ್ದು ಅದನ್ನೇ. ಮೆಗ್ನೀಸಿಯಂ ಹಾಕಿದ್ದು ಎರಡನೇ ಸಲವೂ ಬಂತು ಅಂತ ಕಳಿಸಿ. ಮುಗೀತು."

"ಹಾಕದೇ ಇರೋದೂ ಬಂತಲ್ಲ ಸರ್."

"ಅದನ್ನ ಅವರು ಕೇಳಿಲ್ಲ."

ಬೂತಿನ ಮೀಟರಿನಲ್ಲಿ ರೂಪಾಯಿ ಏರುತ್ತಿತ್ತು.

"ಕಮಲಾ ಅವರೇ, ಥೀಸಿಸ್ ಹೆಸರು ಬದಲಾದರೆ ವಿಶ್ವವಿದ್ಯಾಲಯಕ್ಕೆ ಕೊಟ್ಟ ಸಿನಾಪ್ಸಿಸ್ ಬದಲಾಗಬೇಕು. ಸೆಪ್ಟೆಂಬರ್ ಮೂವತ್ತು ದಾಟುತ್ತೆ. ಮರುನೋಂದಣಿ ಸಿಗುತ್ತೆ ಅಂತ ನಾನು ಹೇಳಲಾರೆ. ಆ ಜಾಗ ನಿಮಗೋಸ್ಕರ ಕಾಯಲ್ಲ. ನೀವು ಸುಳ್ಳು ಹೇಳಬೇಕಿಲ್ಲ. ಅರ್ಧ ಮಾತ್ರ ಹೇಳಿ. ಬುಟ್ಟಿ ಅಂತ ಬರೀತೀರಾ ಅವರಿಗೆ?"

ಅವರು ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ. ಕಷ್ಟ ಅದೇ. ಕಳಿಸುವ ತೊಂಬತ್ತೆಂಟು ನಿಜವಾದ ತೊಂಬತ್ತೆಂಟು. ಆದರೆ ಆ ಪ್ರಬಂಧ ಓದಿದ ಇನ್ನೊಬ್ಬರು ಎಲ್ಲೋ ಕೂತು ಮೆಗ್ನೀಸಿಯಂ ಬೆರೆಸಿ, ನಾನು ಬರೆದಂತೆ ಒವನ್ನಿನಲ್ಲಿ ಒಣಗಿಸುತ್ತಾರೆ. ಮುಂದೊಂದು ದಿನ ಅದು ಯಾರದೋ ಸೊಂಟಕ್ಕೆ ಹೋಗುತ್ತದೆ.

10 ಆಗಸ್ಟ್, ಗುರುವಾರ

ಎರಡು ಪತ್ರಕ್ಕೆ ಕೈ ಹಾಕಿದ್ದೇನೆ. ಒಂದು ಪತ್ರಿಕೆಗೆ, ಬರೀ ತೊಂಬತ್ತೆಂಟನ್ನು ಹೇಳುವ ನಾಲ್ಕು ಸಾಲಿನದು, ಮೇಜಿನ ಮೇಲಿದೆ. ಎಷ್ಟು ಸಲ ಓದಿದರೂ ಅದರಲ್ಲಿ ಒಂದು ತಪ್ಪು ಮಾತಿಲ್ಲ. ಇನ್ನೊಂದು ಸರ್‌ಗೆ, ನಡೆದದ್ದನ್ನೆಲ್ಲ ಹೇಳುವುದು, ಮುಗಿಯುತ್ತಿಲ್ಲ.

ಸೆಪ್ಟೆಂಬರ್ ಮೂವತ್ತರ ನಂತರ ಈ ಮನೆ, ಈ ಲ್ಯಾಬು, ನಿವೃತ್ತಿಯವರೆಗೆ ಹನ್ನೆರಡು ವರ್ಷ. ಲೆಕ್ಕ ಹಾಕಬಾರದಿತ್ತು.

12 ಆಗಸ್ಟ್, ಶನಿವಾರ

ಎರಡನೆಯ ಪತ್ರ ನಿಂತದ್ದು ಎಲ್ಲಿ ಎಂದು ಇವತ್ತು ಗೊತ್ತಾಯಿತು. ಅದರಲ್ಲಿ ಬಿಲ್ಲೆಗಳು ಹೇಗೆ ಒಣಗಿದವು ಎಂದು ಬರೆಯಬೇಕು. ಬರೆದರೆ ಟ್ರೇ ಕಾಲೇಜಿನಿಂದ ಹೊರಗೆ ಹೋದದ್ದು ಬರುತ್ತದೆ. ಪತ್ರದ ಪ್ರತಿ ಪ್ರಿನ್ಸಿಪಾಲರಿಗೂ ಹೋಗಬೇಕು, ಸಂಶೋಧನೆಯ ಗ್ರ್ಯಾಂಟ್ ಹಣ ಅವರ ಮೂಲಕ ಬಂದದ್ದು. ದಿನಗೂಲಿಯವರನ್ನು ತೆಗೆಯಲು ಒಂದು ಬಾಯಿಮಾತು ಸಾಕು. ಈ ಕಾರಣವನ್ನು ಹಿಡಿದುಕೊಂಡು ಮೊದಲ ಪತ್ರ ಕಳಿಸಿಬಿಡಬಹುದು ಎಂದೂ ಅನ್ನಿಸಿತು. ಗೋದಾವರಿಯನ್ನು ಕಾಪಾಡಿದೆ ಎಂದುಕೊಳ್ಳಬಹುದು. ಎಷ್ಟು ಅನುಕೂಲವಾದ ಕರುಣೆ.

ಲ್ಯಾಬಿನಲ್ಲಿ ಕೂರಿಸಿ ಎರಡೂ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದೆ. ಸಾಲು ಸಾಲಾಗಿ. ಅವರು ಸ್ಟೂಲಿನ ಮೇಲೆ ಕೈಕಟ್ಟಿ ಕೂತು ಕೇಳಿದರು.

"ಸಣ್ಣದು ಹಾಕಿದ್ರೆ ನಿಮ್ಗೆ ಡಾಕ್ಟರ್ ಆಗ್ತದಾ?"

"ಆಗಬಹುದು."

"ದೊಡ್ಡದು ಹಾಕಿದ್ರೆ?"

"ಬಹುಶಃ ಇಲ್ಲ. ನಿಮಗೂ ತೊಂದರೆ ಆಗಬಹುದು. ನಿಮ್ಮ ಹೆಸರು ಬಿಟ್ಟು ಬರೆಯಲಾ? ಒಬ್ಬ ಸಹಾಯಕಿ ಅಂತ?"

"ಇಲ್ಲಿ ಇರೋ ಸಹಾಯಕಿ ನಾನೊಬ್ಳೇ. ಪ್ರಿನ್ಸಿಪಾಲರಿಗೆ ಗೊತ್ತಾಗಲ್ವಾ?" ಎಂದರು. ಆಮೇಲೆ ಸೆರಗಿನಿಂದ ಮೇಜಿನ ಮೇಲಿದ್ದ ಪುಡಿ ಒರೆಸುತ್ತ, "ಬರೀರಿ ಮೇಡಂ. ಹೆಸರು ಹಾಕಿಯೇ ಬರೀರಿ. ಸುಳ್ಳು ಬರ್ದವ್ರು ನೀವು, ಒಣಗ್ಸಿದವಳು ನಾನು. ನಂಗೆಂತ ಹೆದ್ರಿಕೆ?"

ನಾನು ಅವರನ್ನೇ ನೋಡಿದೆ. ಅವರೂ ಹೇಳಿದ್ದನ್ನು ಒಮ್ಮೆ ಯೋಚಿಸಿದಂತೆ ಕಂಡಿತು. ವಾಪಸು ತೆಗೆದುಕೊಳ್ಳಲಿಲ್ಲ.

"ತೆಗೆದರೆ?"

"ತೆಗೆದ್ರೆ ಹಪ್ಪಳ ಮಾಡ್ತೀನಿ. ನೀವೂ ಬನ್ನಿ, ಮಗುಚಿ ಹಾಕೋಕೆ ಜನ ಬೇಕು."

ಇಬ್ಬರೂ ನಕ್ಕೆವು. ಪಕ್ಕದ ಫಿಸಿಕ್ಸ್ ಲ್ಯಾಬಿನಿಂದ ಯಾರೋ ಇಣುಕಿ ಹೋದರು.

14 ಆಗಸ್ಟ್, ಸೋಮವಾರ

ದೊಡ್ಡ ಪತ್ರ ಮುಗಿಯಿತು. ಎರಡು ಪುಟ. 2005 ಜುಲೈ 20ರ ಬರಹ ನಾನು ನೋಡದೆ ಬರೆದದ್ದು, ಅದಕ್ಕೆ ಹೊಣೆ ನಾನೊಬ್ಬಳೇ ಎಂದು ಮೊದಲ ಪ್ಯಾರಾ. ನನ್ನ ಗೈರುಹಾಜರಿಯಲ್ಲಿ, ಕರೆಂಟಿಲ್ಲದ ಎಂಟು ದಿನ ಬಿಲ್ಲೆಗಳನ್ನು ಉಳಿಸಿದವರು ಶ್ರೀಮತಿ ಗೋದಾವರಿ. ಅವರು ಒಣಗಿಸಿದ ವಿಧಾನ ಹೀಗಿದೆ ಎಂದು ಎರಡನೆಯದು. ನಾಲ್ಕು ಮನೆಯ ಪಟ್ಟಿ. ಪ್ರಬಂಧವನ್ನು ಹಿಂತೆಗೆದುಕೊಳ್ಳಬೇಕೆಂದು ಸರ್‌ಗೆ ಕೋರಿಕೆ. ಒಪ್ಪಿದರೆ ಹೊಸದಾಗಿ ಬರೆಯೋಣ, ಗೋದಾವರಿಯವರ ಹೆಸರೂ ಲೇಖಕರ ಸಾಲಿನಲ್ಲಿರಲಿ ಎಂದು ಕೊನೆಗೆ. ಸರ್ ನಗಬಹುದು. ನಗಲಿ. ಪ್ರತಿ ಪ್ರಿನ್ಸಿಪಾಲರಿಗೆ. ಅವರಿಗೆ ಬೇರೆ ಒಂದು ಪುಟವನ್ನೂ ಸೇರಿಸಿದ್ದೇನೆ: ಟ್ರೇ ಹೊರಗೆ ಹೋದದ್ದಕ್ಕೆ ಶಿಕ್ಷೆ ಇದ್ದರೆ ಅದು ಕಾಯಂ ನೌಕರಿಯವಳಾದ ನನಗಿರಲಿ.

ಬರೆದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಆ ಜಾಗದ ಕಿಟಕಿ, ಆ ನಾಲ್ಕು ಜನ, ಟೀ ಎಲ್ಲ ಇನ್ನೂ ಕಣ್ಣ ಮುಂದಿದೆ. ಇರಲಿ, ತಾನಾಗಿ ಹೋಗುವವರೆಗೆ.

ರಿಜಿಸ್ಟರ್ ಪೋಸ್ಟ್ ಮಾಡಲು ಹೋಗುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ನಾಳೆ ಧ್ವಜಾರೋಹಣ, ರಜ. ನಾಡಿದ್ದು ಬೆಳಿಗ್ಗೆ ಪೋಸ್ಟ್ ಆಫೀಸಿಗೆ ಹೋಗಿ ಲ್ಯಾಬಿಗೆ ಬರುತ್ತೇನೆ, ಬೀಗ ನೀವೇ ತೆಗೆಯಿರಿ ಎಂದು ಗೋದಾವರಿಗೆ ಹೇಳಿದೆ. "ಬಸ್ಸು ಪೋಸ್ಟ್ ಆಫೀಸ್ ಮುಂದೇ ಅಲ್ವಾ ನಿಲ್ಲೋದು," ಎಂದರು, "ನಾನೂ ಅಲ್ಲೇ ಇಳೀತೀನಿ. ಒಬ್ರೇ ಹೋದ್ರೆ ಬಾಗಿಲಿಂದ ವಾಪಸ್ ಬರೋ ಪೈಕಿ ನೀವು."

ಲಕೋಟೆ ಅಂಟಿಸಿ ಸಾಕ್ಷಿಗೆಂಬಂತೆ ಅದರ ಹಿಂದೆ ಪೆನ್ನಿನಲ್ಲಿ ದಿನಾಂಕ ಬರೆದುಬಿಟ್ಟಿದ್ದೇನೆ: ಬುಧವಾರ, 16 ಆಗಸ್ಟ್ 2006.